ಹಳೆಯ ವೇಳಾಪಟ್ಟಿಗೆ 72 ಲಕ್ಷ ಡಾಲರ್

ಮೈನರ್ ಲೀಗ್, ಅಂದರೆ ಅಮೆರಿಕದ ಕೆಳಹಂತದ ವೃತ್ತಿಪರ ಬೇಸ್‌ಬಾಲ್ ಆಟಗಾರರ ಚಿತ್ರವಿರುವ, ಜನ ಸಂಗ್ರಹಿಸುವ ಕಾರ್ಡುಗಳ ಹರಾಜು ಬೆಲೆ ಏರುತ್ತಿರುವುದರ ಕುರಿತ ಲೇಖನವೊಂದರಲ್ಲಿ ಲೇಖಕರು ಅದಕ್ಕೆ ಹೂಡಿಕೆದಾರರ ಹುಚ್ಚನ್ನಷ್ಟೇ ಹೊಣೆಯಾಗಿಸಿರುವುದು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. 2023ರ ಡಿಸೆಂಬರಿನಲ್ಲಿ 72 ಲಕ್ಷ ಡಾಲರಿಗೆ ಮಾರಾಟವಾದ, ಮುಂದೆ ಬೇಸ್‌ಬಾಲಿನ ದಂತಕಥೆಯಾದ ಬೇಬ್ ರೂತ್ ಅವರ ಕಾರ್ಡು, 1914ರಲ್ಲಿ ಅವರಿನ್ನೂ 19ರ ತರುಣನಾಗಿ ಬಾಲ್ಟಿಮೋರ್ ಓರಿಯೋಲ್ಸ್ ಎಂಬ ಮೈನರ್ ಲೀಗ್ ತಂಡಕ್ಕೆ ಚೆಂಡೆಸೆಯುತ್ತಿದ್ದಾಗ ಅಲ್ಲಿನ ಪತ್ರಿಕೆಯೊಂದು ಹೊರತಂದದ್ದು. ಅದರ ಹಿಂಬದಿಯಲ್ಲಿ ಅಚ್ಚಾಗಿರುವುದು ತಂಡದ ಪಂದ್ಯಗಳ ವೇಳಾಪಟ್ಟಿ. ಪಂದ್ಯಗಳು ಮುಗಿದ ಮೇಲೆ, ಕಳೆದ ವರ್ಷದ ಕ್ಯಾಲೆಂಡರಿನಂತೆ, ಅದನ್ನು ಯಾರು ತಾನೇ ಜೋಪಾನವಾಗಿ ಎತ್ತಿಡುತ್ತಾರೆ? ಹೀಗಾಗಿಯೇ ಇಂದು ಗೊತ್ತಿರುವ ಪ್ರತಿಗಳು ಹತ್ತರ ಆಸುಪಾಸಿನಲ್ಲಿವೆ. ಆದರೂ ಅಪರೂಪವೊಂದೇ ಸಾಲದು ಎನ್ನಬೇಕು, ಏಕೆಂದರೆ ಅದೇ ಸರಣಿಯ ಉಳಿದ ಆಟಗಾರರ ಕಾರ್ಡುಗಳೂ ಬಹಳ ವಿರಳವೇ ಆಗಿದ್ದು, ಅವು ಈ ಬೆಲೆಯ ಹತ್ತಿರವೂ ಸುಳಿದಿಲ್ಲ.