ಪಿಸಿಯೊಳಗಿನ ಹಲ್ಲಿ

ಕಂಪ್ಯೂಟರ್ ಯಾಕೆ ಕೆಟ್ಟಿದೆ ಅಂತ ಕಂಡುಹಿಡಿಯೋಕೆ ಇರೋ ದಾರಿ ಒಂದೇ, ಒಂದು ಸಲಕ್ಕೆ ಒಂದನ್ನ ಮಾತ್ರ ಬದಲಾಯಿಸಿ ನೋಡೋದು ಅಂತ ರಿಪೇರಿ ಪಾಠಗಳಲ್ಲೆಲ್ಲ ಬರೆದಿರ್ತಾರೆ. ಒಂದು ರ್ಯಾಮ್ ಕಡ್ಡಿ (ಪಿಸಿ ಕೆಲಸ ಮಾಡೋವಾಗ ಬಳಸೋ ಮೆಮೊರಿ) ತೆಗೆದು ನೋಡು, ಸರಿಹೋಗ್ಲಿಲ್ವಾ ವಾಪಸ್ ಹಾಕು, ಆಮೇಲೆ ಕೇಬಲ್ ಬದಲಾಯಿಸು, ಆಮೇಲೆ ಇನ್ನೊಂದು. ಓದೋಕೆ ಎಷ್ಟು ಚಂದ! ಆದ್ರೆ ಹೀಗೆ ಬರೆದವರು ಯಾರೂ ಮುಂಬೈ ಪಕ್ಕದ ಡೊಂಬಿವಲಿಯ ಒನ್ ಬಿಎಚ್‌ಕೆಯಲ್ಲಿ ಅತ್ತೆ, ಗಂಡ, ರಜಕ್ಕೆ ಬಂದ ಅಕ್ಕನ ಮಗ, ಕೆಲಸದ ಬಾಯಿ (ಕೆಲಸದವಳನ್ನ ಇಲ್ಲಿ ಕರೆಯೋದೇ ಹಾಗೆ), ಬಾಗಿಲು ತೆರೆದಿದ್ರೆ ಸಾಕು ಒಳಗೆ ಬಂದು ಕೂರೋ ಪಕ್ಕದ್ಮನೆ ಕಾಕಾ, ಇಷ್ಟೂ ಜನರ ಮಧ್ಯೆ ಪಿಸಿ ಬಿಚ್ಚಿದವರಲ್ಲ ಅಂತ ಬೇಕಾದ್ರೆ ಬರೆದು ಕೊಡ್ತೀನಿ. ಇಲ್ಲಿ ನಾನು ಒಂದನ್ನ ಬದಲಾಯಿಸೋ ಹೊತ್ತಿಗೆ ಉಳಿದ ನಾಲ್ಕು ತಾವಾಗೇ ಬದಲಾಗಿರ್ತವೆ.

ನನ್ನ ಕೆಲಸ ಉಡುಪಿ ಹೋಟೆಲ್‌ನವರ ಲೆಕ್ಕ ಬರೆಯೋದು. ಮಾಟುಂಗಾದಿಂದ ಕಲ್ಯಾಣದವರೆಗೆ ಇರೋ ನನ್ನ ಪಾರ್ಟಿಗಳಿಗೆಲ್ಲ 20ನೇ ತಾರೀಕು ಬಂತೂಂದ್ರೆ ತಿಂಗಳ ತೆರಿಗೆ ರಿಟರ್ನ್ ಜಿಎಸ್‌ಟಿಆರ್-3ಬಿ ತುಂಬಬೇಕು, ಹಾಗಾಗಿ ಪಿಸಿ ಮಲಗಿದ್ರೆ ನಂಗೂ ನಿದ್ದೆ ಇಲ್ಲ. ಪಿಸಿಗೂ ಇದು ಗೊತ್ತು ಅನ್ಸುತ್ತೆ, ಯಾಕಂದ್ರೆ ಅದು ಮೊದಲ ಸಲ ಕೆಲಸ ನಿಲ್ಲಿಸಿ ಪರದೆ ನೀಲಿ ತಿರುಗಿಸಿದ್ದು ಸರಿಯಾಗಿ ಆ ವಾರದಲ್ಲೇ.

ವಿಂಡೋಸ್ 8 ಬಂದ 2012ರಲ್ಲಿ ಈ ನೀಲಿ ಪರದೆ ಮೇಲೆ ಒಂದು ಅಳುಮೋರೆ ಬೇರೆ ಇಟ್ರು. ಅತ್ತೆ ಧಾರವಾಡದವರು, ಕನ್ನಡಕ ಸರಿಮಾಡ್ಕೊಂಡು ನೋಡಿದ್ರು. "ಪಾಪ, ಅಳಲಿಕ್ಕತ್ತದ ನೋಡವಾ. ಏನ ಮಾಡಿದಿ ಅದಕ್ಕ?" ನಾನು ಏನೂ ಮಾಡಿರ್ಲಿಲ್ಲ, ಶೆಟ್ರ ಹೋಟೆಲಿನ ಗ್ಯಾಸ್ ಸಿಲಿಂಡರ್ ಬಿಲ್ ಎಂಟ್ರಿ ಹಾಕ್ತಾ ಇದ್ದೆ ಅಷ್ಟೆ. ಕೆಳಗಡೆ 'ಮೆಮೊರಿ ಮ್ಯಾನೇಜ್‌ಮೆಂಟ್' ಅಂತ ಕೋಡ್. ಮಾರನೇ ದಿನ 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ'. ಅದರ ಮಾರನೇ ದಿನ 'ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್', ಇದಂತೂ ಓದಿದ್ರೆ ಯಾವುದೋ ಲೆಕ್ಕದ ಪರೀಕ್ಷೆ ಪ್ರಶ್ನೆ ಅನ್ಸುತ್ತೆ. ಪ್ರತಿ ಸಲ ಅದೇ ಒಂದು ಡ್ರೈವರ್ (ಪಿಸಿಯ ಒಂದೊಂದು ಭಾಗವನ್ನ ನಡೆಸೋ ಪ್ರೋಗ್ರಾಮು) ಫೈಲಿನ ಹೆಸರು ಬಂದ್ರೆ ಆ ಡ್ರೈವರನ್ನ ಹಿಡಿಬೇಕು, ಹೀಗೆ ದಿನಕ್ಕೊಂದು ಕೋಡು, ಹೊತ್ತಿಗೊಂದು ಪ್ರೋಗ್ರಾಮು ಬೀಳ್ತಾ ಇದ್ರೆ ಮೊದಲ ಅನುಮಾನ ರ್ಯಾಮ್ ಮೇಲೆ. ನಮ್ಮನೆಯವರು ಪರದೆಯ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ರು. ಹುಬ್ಬಳ್ಳಿ ದೊಡ್ಡಪ್ಪ ಕೈ ಮುಗಿಯೋ ಚಿತ್ರ ಕಳಿಸಿದ್ರು, ಪಾಪ ಅವರು ಅದನ್ನ ಏನಂದ್ಕೊಂಡ್ರೋ.

ಕಾಕಾ ಬಂದವರೇ ಕಾರಣ ಗಿರಣ ಏನೂ ಕೇಳ್ಲಿಲ್ಲ. "ವಹಿನಿ, ಫಾರ್ಮ್ಯಾಟ್ ಮಾರೂನ್ ಟಾಕಾ." ಅಂದ್ರೆ ಅತ್ತಿಗೆ, ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಬಿಡಿ. ನಮ್ಮ ದೇಶದಲ್ಲಿ ಪಿಸಿಗೆ ಜ್ವರ ಬಂದ್ರೂ ಫಾರ್ಮ್ಯಾಟು, ಕೆಮ್ಮು ಬಂದ್ರೂ ಫಾರ್ಮ್ಯಾಟು. ರ್ಯಾಮ್ ಕೆಟ್ಟಿದ್ರೆ ಫಾರ್ಮ್ಯಾಟ್ ಹೊಡೆದು ಹೊಸದಾಗಿ ಹಾಕಿದ ವಿಂಡೋಸೂ ಅದೇ ಕೆಟ್ಟ ರ್ಯಾಮ್ ಮೂಲಕವೇ ಹಾದು ಡಿಸ್ಕಿಗೆ ಹೋಗಬೇಕು, ದಾರೀಲಿ ಅದೂ ಕೆಡಬಹುದು ಅಂತ ಹೇಳೋಕೆ ಹೋದೆ, ಅಷ್ಟರಲ್ಲಿ ನಮ್ಮನೆಯವರು ಸೈಡ್ ಪ್ಯಾನೆಲ್ ಬಿಚ್ಚಿ ರ್ಯಾಮ್ ಹೊರಗೆ ಎಳೆದಿದ್ರು. ಅದರ ಬಂಗಾರದ ಬಣ್ಣದ ಹಲ್ಲುಗಳನ್ನ ರಬ್ಬರಿಂದ ಉಜ್ಜಬೇಕಂತೆ. ಉಜ್ಜೋದು ತಪ್ಪಲ್ಲ, ಮುಂಬೈ ಕಡೆ ಹವೆಯ ತೇವಕ್ಕೆ ಅಲ್ಲಿ ಕೊಳೆ ಕೂತು ಸಂಪರ್ಕ ತಪ್ಪೋದು ಇದ್ದಿದ್ದೇ. ಆದ್ರೆ ರಬ್ಬರ್ ಸಿಕ್ಕಿದ್ದು ಕಾಕಾನ ಮೊಮ್ಮಗಳ ಕಂಪಾಸ್ ಬಾಕ್ಸಿಂದ, ಗುಲಾಬಿ ಬಣ್ಣದ್ದು, ಸ್ಟ್ರಾಬೆರಿ ವಾಸನೆದು, ಉಜ್ಜಿದಷ್ಟೂ ಅಂಟಂಟು ಪುಡಿ ಉದುರಿ ಸ್ಲಾಟಿನೊಳಗೆ ಬಿತ್ತು, ನಾನು ಹಲ್ಲುಕಡ್ಡಿ ಹಿಡ್ಕೊಂಡು ಟಾರ್ಚ್ ಬೆಳಕಲ್ಲಿ ಒಂದೊಂದೇ ಪುಡಿ ಎತ್ತೋ ಹೊತ್ತಿಗೆ ಇವರು ಅತ್ತ ಹಾರ್ಡ್ ಡಿಸ್ಕ್ ಕೇಬಲ್ ಬೇರೆ ಪೋರ್ಟಿಗೆ ಹಾಕಿದ್ರು, ಅತ್ತೆ ಟೇಬಲ್ಲನ್ನ ಫ್ಯಾನಿನ ಕೆಳಗೆ ಸರಿಸಿಯಾಗಿತ್ತು, ಯಾಕಂದ್ರೆ "ಸೆಕಿ ಆಗ್ತದ ಅದಕ್ಕ".

ಪಿಸಿ ಆನ್ ಆಯ್ತು! ಮಧ್ಯಾಹ್ನ ಪೂರ್ತಿ ಬೀಳದೆ ನಡೀತು. ರಬ್ಬರಿಂದ ಅಂತ ಕಾಕಾ, ಕೇಬಲಿಂದ ಅಂತ ಇವರು, ಫ್ಯಾನಿಂದ ಅಂತ ಅತ್ತೆ. ಸಂಜೆ ದೀಪ ಹಚ್ಚೋ ಹೊತ್ತಿಗೆ ಮತ್ತೆ ಅಳುಮೋರೆ, ಆಗ ಮಾತ್ರ ಹೊಣೆ ಯಾರದ್ದೂ ಅಲ್ಲ.

ಭಾನುವಾರ ಅಂಗಡಿ ಸಿಗಲ್ಲ ಅಂತ ಇವರು ಶನಿವಾರವೇ ಸಿಪಿಯು ಹೊತ್ಕೊಂಡು ಮುಂಬೈಯ ಕಂಪ್ಯೂಟರ್ ಬಜಾರು ಲ್ಯಾಮಿಂಗ್ಟನ್ ರೋಡಿಗೆ ಹೊರಟ್ರು. ಅದಕ್ಕೆ ಭಡಕಮ್‌ಕರ್ ಮಾರ್ಗ ಅಂತ ಸರ್ಕಾರಿ ಹೆಸರಿದೆ, ಆದ್ರೆ ಆ ಹೆಸರು ಹೇಳಿದ್ರೆ ಟ್ಯಾಕ್ಸಿಯವನೂ ಒಂದು ನಿಮಿಷ ಯೋಚಿಸ್ತಾನೆ. ಗರ್ದಿ ಅಂತ ಲೋಕಲ್ ಟ್ರೈನಿನ ಲಗೇಜ್ ಡಬ್ಬಿ ಹತ್ತಿದ್ದಾರೆ, ದಾದರಿಗೆ ಹೋಗೋವರೆಗೆ ಸಿಪಿಯು ಕೂತಿದ್ದು ಎರಡು ಮೀನಿನ ಬುಟ್ಟಿ ನಡುವೆ. ದಾದರಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಲ್ಲಿ ಇಳಿದು ಅಂಗಡಿಗೆ ಹೋದ್ರೆ ಅಲ್ಲಿ ಅದು ಒಂದೇ ಒಂದು ಸಲವೂ ಬೀಳ್ಲಿಲ್ಲ. ಡಾಕ್ಟರ್ ಮುಂದೆ ಕೂತಾಗ ಕೆಮ್ಮು ನಿಲ್ಲೋದು ಗೊತ್ತಲ್ಲ, ಅದೇ ಕಥೆ. ಅಂಗಡಿ ಹುಡುಗ ಮೊಬೈಲಿಂದ ಕಣ್ಣೆತ್ತದೆ "ಮದರ್‌ಬೋರ್ಡ್ ಗಯಾ ಸಾಬ್" ಅಂದ. ಬೀಳದೇ ಇರೋ ಮಿಷನ್ನಿನ ಮದರ್‌ಬೋರ್ಡ್ ಹೇಗೆ ಹೋಯ್ತು ಅಂತ ಇವರು ಕೇಳ್ಲಿಲ್ಲ, ನನ್ನ ಪುಣ್ಯ, ಹೊಸದನ್ನ ತಗೊಳ್ಳಲೂ ಇಲ್ಲ. ಮನೆ ಬಾಗಿಲಲ್ಲಿ ಅತ್ತೆ ಮೂಗು ಮುಚ್ಕೊಂಡು, "ಒಳಗ ತರಬ್ಯಾಡ್ರಿ, ಮೀನ ನಾರಲಿಕ್ಕತ್ತದ, ಮೊದಲ ಒರಸ್ರಿ" ಅಂದ್ರು. ಕೆಲಸದ ಬಾಯಿ ಒದ್ದೆ ಬಟ್ಟೆ ತಂದ್ಲು. ಒದ್ದೆ ಬಟ್ಟೆ!

ಅಲ್ಲಿಂದ ಮುಂದೆ ನಾನೇ ಕೂತೆ. ಮೆಮ್‌ಟೆಸ್ಟ್86 ಅನ್ನೋ ಪ್ರೋಗ್ರಾಮನ್ನ ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಪಿಸಿ ಶುರು ಮಾಡಬೇಕು, ವಿಂಡೋಸ್ ಎದ್ದೇಳೋಕೆ ಬಿಡಬಾರದು. ಅದು ರ್ಯಾಮಿನ ಮೂಲೆಮೂಲೆಗೂ ಏನೋ ಬರೆಯುತ್ತೆ, ವಾಪಸ್ ಓದುತ್ತೆ, ಬರೆದದ್ದಕ್ಕೂ ಓದಿದ್ದಕ್ಕೂ ತಾಳೆ ಆಗದಿದ್ರೆ ಕೆಂಪಕ್ಷರದಲ್ಲಿ ಚೀರುತ್ತೆ. ನಮ್ಮ ವ್ಯಾಪಾರದಲ್ಲಿ ಒಂದೆರಡು ರೂಪಾಯಿ ವ್ಯತ್ಯಾಸ ರೌಂಡ್ ಆಫ್ ಮಾಡಬಹುದು, ಇಲ್ಲಿ ಒಂದು ಎರರ್ ಬಂದ್ರೂ ಫೇಲೇ. ನಾಲ್ಕು ಸುತ್ತು ಮುಗಿಯೋಕೆ ರಾತ್ರಿ ಪೂರ್ತಿ ಬೇಕು. ಹಚ್ಚಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದ್ರೆ ಪಿಸಿ ಆಫ್. "ರಾತ್ರಿಯೆಲ್ಲಾ ಸುಮ್ಮನ ಉರೀಲಿಕ್ಕತ್ತಿತ್ತು, ಲೈಟ್ ಬಿಲ್ ಯಾರ ಕಟ್ಟತಾರ? ನಾ ಪೂಜಾಕ್ಕ ಎದ್ದಾಗ ಬಂದ್ ಮಾಡಿದೆ." ಸರಿ, ಅವತ್ತು ರಾತ್ರಿ 'ಮುಟ್ಟಬೇಡಿ' ಅಂತ ಚೀಟಿ ಅಂಟಿಸಿದೆ. ಅತ್ತೆ ಮುಟ್ಲಿಲ್ಲ. ಬೆಳಿಗ್ಗೆ ಬಾಯಿ ಬಂದು ಕಸ ಹೊಡೆಯೋವಾಗ ಪ್ಲಗ್ ಕಿತ್ತು ಪಕ್ಕಕ್ಕಿಟ್ಲು, ಅವಳಿಗೆ ಕನ್ನಡ ಓದೋಕೆ ಬರಲ್ಲ. ಆಮೇಲೆ ಮರಾಠಿಯಲ್ಲೂ 'ಹಾತ್ ಲಾವೂ ನಕಾ' ಅಂತ ಅಂಟಿಸಿದ ಮೇಲೇನೇ ಪರೀಕ್ಷೆ ಮುಗಿದಿದ್ದು. ಪರದೆ ತುಂಬಾ ಕೆಂಪು ಸಾಲು.

ಕಾರಣ ಹುಡುಕ್ತಾ ಬಯೋಸ್ ಒಳಗೆ, ಅಂದ್ರೆ ವಿಂಡೋಸಿಗೂ ಮುಂಚೆ ಏಳೋ ಸೆಟ್ಟಿಂಗ್ ಪುಟಕ್ಕೆ, ಹೋದ್ರೆ ಎಕ್ಸ್‌ಎಂಪಿ ಆನ್ ಆಗಿತ್ತು. ಅಕ್ಕನ ಮಗನನ್ನ ಕರೆದೆ. "ಹೌದು ಚಿಕ್ಕಮ್ಮ, ನಾನೇ ಆನ್ ಮಾಡಿದ್ದು, ಗೇಮ್ ಲ್ಯಾಗ್ ಆಗ್ತಿತ್ತಲ್ಲ. ನೀವು 3200 ಸ್ಪೀಡಿನ ರ್ಯಾಮ್ ತಗೊಂಡು 2400ರಲ್ಲಿ ಓಡಿಸ್ತಿದ್ರಿ, ವೇಸ್ಟ್ ಅಲ್ವಾ?" ಹುಡುಗ ಹೇಳಿದ್ದು ಅರ್ಧ ಸರಿ. ಎಕ್ಸ್‌ಎಂಪಿ ಅಂದ್ರೆ ಇಂಟೆಲ್‌ನವರು ತಂದ ಏರ್ಪಾಡು, ಈ ರ್ಯಾಮನ್ನ ಎಷ್ಟು ಸ್ಪೀಡಲ್ಲಿ, ಎಷ್ಟು ವೋಲ್ಟೇಜಲ್ಲಿ ಓಡಿಸಬಹುದು ಅನ್ನೋದನ್ನ ಕಡ್ಡಿ ಮೇಲಿನ ಪುಟ್ಟ ಚಿಪ್ಪಿನಲ್ಲೇ ಬರೆದಿಟ್ಟಿರ್ತಾರೆ. ನಮ್ಮಲ್ಲಿರೋ ಡಿಡಿಆರ್4 ಜಾತಿಯ ಸಾಮಾನ್ಯ ರ್ಯಾಮಿಗೆ 1.2 ವೋಲ್ಟ್ ಸಾಕು, 3200ರ ಎಕ್ಸ್‌ಎಂಪಿ ಪ್ರೊಫೈಲು ಬಹಳ ಸಲ 1.35 ಕೇಳುತ್ತೆ. ನಮ್ಮ ಪಿಸಿಯಲ್ಲಿದ್ದಿದ್ದು ಎರಡು ಕಡ್ಡಿ, ಒಂದು ಹಳೇದು 2400ರದ್ದು, ಒಂದು ಹೊಸದು 3200ರದ್ದು, ಬೇರೆ ಬೇರೆ ಕಂಪನಿ. ಹೊಸದರ ಪಟ್ಟಿ ನೋಡಿ ಬಯೋಸ್ ಇಬ್ಬರನ್ನೂ 3200ಕ್ಕೆ ಓಡಿಸ್ತಿತ್ತು, ಹಳೆ ಕಡ್ಡಿ ಒಂದಿಷ್ಟು ದೂರ ಓಡಿ ಮುಗ್ಗರಿಸ್ತಿತ್ತು. ಎಕ್ಸ್‌ಎಂಪಿ ಆಫ್ ಮಾಡಿದೆ, ಎರಡೂ 2400ಕ್ಕೆ ಇಳಿದವು, ಮತ್ತೆ ಚೀಟಿ ಅಂಟಿಸಿ ಮೆಮ್‌ಟೆಸ್ಟ್ ಹಚ್ಚಿದೆ, ಒಂದೂ ಕೆಂಪಿಲ್ಲ. ಆ ತಿಂಗಳ ರಿಟರ್ನ್ ಎಲ್ಲಾ ಹೋಯ್ತು. ಕೇಬಲ್ಲು, ರಬ್ಬರು, ಫ್ಯಾನು ಮೂರೂ ಬರ್ಖಾಸ್ತ್.

ಇಲ್ಲಿಗೇ ಮುಗಿದಿದ್ರೆ ನಾನು ಇದನ್ನ ಬರೀತಾನೇ ಇರ್ಲಿಲ್ಲ.

ಸ್ವಲ್ಪ ದಿನ ಬಿಟ್ಟು ಮನೇಲಿ ಹಲ್ಲಿ ಲೊಚಗುಟ್ಟೋಕೆ ಶುರುವಾಯ್ತು. ಹಲ್ಲಿ ಅಂದಿದ್ದು ಅತ್ತೆ. ಮಾತಾಡ್ತಾ ಇದ್ದಾಗ ಹಲ್ಲಿ ನುಡಿದ್ರೆ ಆ ಮಾತು ಖರೇ ಅಂತ ಅವರ ಲೆಕ್ಕ, ತಕ್ಷಣ ನೆಲಕ್ಕೆ ಬೆರಳಲ್ಲಿ ಟಕ್ ಟಕ್ ಬಡಿದು "ಕೃಷ್ಣ ಕೃಷ್ಣ" ಅಂತಾರೆ. ನಾದಿನಿಗೆ ಈ ವರ್ಷ ಕಂಕಣಬಲ ಕೂಡುತ್ತೆ ಅಂದ್ರು, ಲೊಚ್. "ಕೃಷ್ಣ ಕೃಷ್ಣ, ಖರೇ ಅದ." ಸೊಸೈಟಿಯವರು ಮೇಂಟೆನೆನ್ಸ್ ಏರಿಸ್ತಾರೆ ಅಂತ ಕಾಕಾ ಗೊಣಗಿದ್ರು, ಲೊಚ್, ಕಾಕಾ ಮುಖ ಇಳೀತು. ನಮ್ಮನೆಯವರು ಪಿಸಿ ಮೇಲೆ ಕೈ ಇಟ್ಟು "ಇನ್ನು ಐದು ವರ್ಷ ಇದಕ್ಕೆ ಏನೂ ಆಗಲ್ಲ" ಅಂದ್ರು. ಲೊಚ್ ಲೊಚ್ ಲೊಚ್. ಮೂರು ಸಲ ನುಡೀತು ಅಂತ ಅತ್ತೆಗೆ ಸಂತೋಷವೋ ಸಂತೋಷ. ನಾನು ಮಾತ್ರ ಗೋಡೆ ನೋಡ್ಲಿಲ್ಲ, ಬಗ್ಗಿ ಕ್ಯಾಬಿನೆಟ್ಟಿಗೆ ಕಿವಿ ಹಚ್ಚಿದೆ. ಹಲ್ಲಿ ಹಾರ್ಡ್ ಡಿಸ್ಕ್ ಒಳಗಿತ್ತು.

ಮಾರನೇ ದಿನ ಮತ್ತೆ ನೀಲಿ, ಈ ಸಲ 'ಕರ್ನೆಲ್ ಡೇಟಾ ಇನ್‌ಪೇಜ್ ಎರರ್'. ಮನೆಯವರೆಲ್ಲಾ ಒಟ್ಟಿಗೆ ಅಕ್ಕನ ಮಗನ ಕಡೆ ತಿರುಗಿದ್ರು. ಅವನು ಏನೂ ಮುಟ್ಟಿರ್ಲಿಲ್ಲ, ಪಾಪ. ವಿಂಡೋಸ್ ರ್ಯಾಮಲ್ಲಿ ಜಾಗ ಸಾಲದಿದ್ರೆ ಒಂದಷ್ಟನ್ನ ಡಿಸ್ಕಲ್ಲಿ ಪೇಜ್ ಫೈಲ್ ಅಂತ ಇಟ್ಟಿರುತ್ತೆ, ವಾಪಸ್ ತರೋಕೆ ಹೋದಾಗ ಡಿಸ್ಕ್ ಕೊಡದಿದ್ರೆ ಈ ಕೋಡು, ಹೆಸರು ಕೇಳಿದ್ರೆ ಮೆಮೊರಿದು, ಬಹಳ ಸಲ ಕಾಯಿಲೆ ಡಿಸ್ಕಿಂದು. ಲೆಕ್ಕದಲ್ಲಿ ಒಂದು ತಪ್ಪು ಇನ್ನೊಂದು ತಪ್ಪನ್ನ ಮುಚ್ಚಿಟ್ಟು ಟ್ರಯಲ್ ಬ್ಯಾಲೆನ್ಸ್ ಆಟ ಆಡಿಸುತ್ತಲ್ಲ, ರ್ಯಾಮಿನ ಕಾಯಿಲೆ, ಡಿಸ್ಕಿನ ಕಾಯಿಲೆ ಎರಡೂ ಹಾಗೇ ಒಂದರ ಹಿಂದೆ ಒಂದು ನಿಂತಿದ್ವು. ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದ್ರೆ ಹಳದಿ ಬಣ್ಣದಲ್ಲಿ 'ಕಾಷನ್'. ಅಲ್ಲಿ ನೋಡಬೇಕಾದ ಸಾಲು 05, ಸಿ5, ಸಿ6. ಕೆಟ್ಟುಹೋದ ಸೆಕ್ಟರಿನ (ಡಿಸ್ಕಿನ ಒಂದು ಪುಟ್ಟ ತುಂಡಿನ) ಬದಲಿಗೆ ಕಾದಿಟ್ಟ ಸೆಕ್ಟರ್ ಕೊಟ್ಟಿದ್ದೆಷ್ಟು ಅಂತ 05 ಹೇಳುತ್ತೆ, ಓದೋಕೆ ಆಗದೆ ಅನುಮಾನದಲ್ಲಿ ಇಟ್ಟಿದ್ದು ಸಿ5, ಓದಿ ಸರಿಮಾಡೋಕೆ ಆಗದ್ದು ಸಿ6. ಕೇಬಲಿನ ತಪ್ಪು ಎಣಿಸೋ ಸಿ7 ಒಂದೇ ಏರಿದ್ರೆ ಕೇಬಲ್ ಬದಲಾಯಿಸಿ ನೆಮ್ಮದಿಯಾಗಿರಬಹುದು. ನಮ್ಮದರಲ್ಲಿ ಸಿ7 ಸೊನ್ನೆ, ಉಳಿದ ಮೂರೂ ಏರ್ತಾನೇ ಇದ್ವು.

ಕಾಕಾ ಚೆಕ್‌ಡಿಸ್ಕ್ ಹೊಡೀರಿ ಅಂದ್ರು, ಅದು ವಿಂಡೋಸಿನದೇ ಡಿಸ್ಕ್ ಪರೀಕ್ಷೆ. ಸಾಯ್ತಿರೋ ಡಿಸ್ಕಿಗೆ ಸ್ಲ್ಯಾಶ್ ಆರ್ ಹಾಕಿ ಚೆಕ್‌ಡಿಸ್ಕ್ ಹೊಡೆದ್ರೆ ಅದು ಇಡೀ ಡಿಸ್ಕನ್ನ ಮೂಲೆ ಬಿಡದೆ ಓದಿಸುತ್ತೆ, ಇರೋ ಜೀವವೂ ಅಲ್ಲೇ ಖರ್ಚು. ಮೊದಲು ಕಾಪಿ, ಉಳಿದಿದ್ದೆಲ್ಲ ಆಮೇಲೆ. ಅಲ್ಲ ಅಂದ್ರೆ ಫ್ರೀಜರಲ್ಲಿ ಇಡಿ, ತಣ್ಣಗಾದ್ರೆ ಓದುತ್ತೆ ಅಂತ ಕಾಕಾ. ಮುಂಬೈ ಹವೆಯಲ್ಲಿ ಫ್ರೀಜರಿಂದ ತೆಗೆದ ಡಿಸ್ಕಿನ ಮೇಲೆ ನೀರು ಹನಿಗಟ್ಟುತ್ತೆ, ಒಳಗಿನ ತಟ್ಟೆಗೂ ಓದೋ ಹೆಡ್ಡಿಗೂ ಮಧ್ಯೆ ಇರೋ ಸಂದು ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲೂ ಇಲ್ಲ ಅಂತ ನಾನು ಹೇಳ್ತಿದ್ದೆ, ಅತ್ತೆ ಒಂದೇ ಮಾತಲ್ಲಿ ಮುಗಿಸಿದ್ರು. "ಜಾಗಾ ಇಲ್ಲ. ಫ್ರಿಜ್ಜಿನಾಗ ದ್ವಾಸಿ ಹಿಟ್ಟದ."

ಯಾವುದನ್ನ ಮೊದಲು ಕಾಪಿ ಮಾಡೋದು ಅಂತ ಜಗಳ ಬೇರೆ. ನಂಗೆ ಲೆಕ್ಕದ ಫೋಲ್ಡರು, ಇವರಿಗೆ ಮದುವೆ ವಿಡಿಯೋ, ಅತ್ತೆಗೆ ದಾಸರ ಪದದ ಫೋಲ್ಡರು. ನಡುವೆ ಲೊಚ್ ಲೊಚ್. ನಾನು ಯಾರನ್ನೂ ಕೇಳದೆ ಲೆಕ್ಕ ಎಳೆದೆ, ಆಮೇಲೆ ದಾಸರ ಪದ, ಯಾಕಂದ್ರೆ ಅದು ಚಿಕ್ಕದು, ಅತ್ತೆ ಮನೇಲೇ ಇರ್ತಾರೆ. ಮದುವೆ ವಿಡಿಯೋ ತಾಳಿ ಕಟ್ಟೋವರೆಗೆ ಬಂತು, ಅಲ್ಲಿಂದ ಮುಂದೆ ಓದೋಕೆ ಆಗ್ಲಿಲ್ಲ. ಊಟದ ಪಂಕ್ತಿ, ಹುಬ್ಬಳ್ಳಿ ದೊಡ್ಡಪ್ಪ ಫೋಟೋದವನಿಗೆ ಬೈದಿದ್ದು ಎಲ್ಲಾ ಹೋಯ್ತು. ಅದೇ ಡಿಸ್ಕಲ್ಲಿ ವಾಟ್ಸಾಪಿನ ಗುಡ್ ಮಾರ್ನಿಂಗ್ ಚಿತ್ರ ಮಾತ್ರ ಒಂದೂ ಕೆಡದೆ ಕೂತಿದ್ವು. 1956ರಲ್ಲಿ ಐಬಿಎಂನವರು ಮಾಡಿದ ಮೊದಲ ಹಾರ್ಡ್ ಡಿಸ್ಕಲ್ಲಿ 24 ಇಂಚಿನ 50 ತಟ್ಟೆ, ಎಲ್ಲಾ ಸೇರಿ ಹಿಡೀತಿದ್ದಿದ್ದು 50 ಲಕ್ಷ ಅಕ್ಷರ ಅಷ್ಟೆ, ನಮ್ಮ ಫ್ಯಾಮಿಲಿ ಗ್ರೂಪಿನ ಒಂದು ಸೋಮವಾರಕ್ಕೂ ಸಾಲ್ತಿರ್ಲಿಲ್ಲ.

ಹೊಸ ಎಸ್‌ಎಸ್‌ಡಿ ಬಂತು, ಡೊಂಬಿವಲಿ ಸ್ಟೇಷನ್ ಹತ್ರದ್ದೇ, ಲೋಕಲ್ಲೂ ಬೇಡ ಮೀನೂ ಬೇಡ. ಅದರೊಳಗೆ ತಿರುಗೋದು ಏನೂ ಇಲ್ಲ, ಸದ್ದೂ ಇಲ್ಲ. ಮಾತು ಖರೇ ಮಾಡೋಕೆ ಯಾರೂ ಇಲ್ಲದೆ ಅತ್ತೆಗೆ ಬೇಜಾರು. ಬಯೋಸಿಗೆ ಪಾಸ್‌ವರ್ಡ್ ಹಾಕಿದೀನಿ, ಅಕ್ಕನ ಮಗ ದೀಪಾವಳಿಗೆ ಬರ್ತಾನಂತೆ.

ಹಳೆ ಡಿಸ್ಕ್ ರದ್ದಿಯವನಿಗೆ ಕೊಡೋ ಹಾಗಿಲ್ಲ, ಅದರಲ್ಲಿ ಅರ್ಧ ಮಾಟುಂಗಾದ ವ್ಯಾಪಾರ ಇದೆ. ಬಿಚ್ಚಿ ತಟ್ಟೆ ಗೀರಿಬಿಡೋಣ ಅಂದ್ರೆ ನಕ್ಷತ್ರದ ಆಕಾರದ ಸ್ಕ್ರೂ, ಅದರ ಡ್ರೈವರ್ ಇದ್ದಿದ್ದು ಕಾಕಾನ ಹತ್ರ ಮಾತ್ರ. ಬಂದ್ರು, ಬಿಚ್ಚಿದ್ರು, ಒಳಗಿಂದ ಎರಡು ಮ್ಯಾಗ್ನೆಟ್ ತೆಗೆದ್ರು, ಅವು ಕಾಕಾನ ಬೆರಳನ್ನ ಮಧ್ಯೆ ಹಿಡ್ಕೊಂಡು ಫಟ್ ಅಂತ ಅಂಟಿಕೊಂಡ್ವು, ಬಿಡಿಸೋಕೆ ಇವರೂ ನಾನೂ ಸೇರಬೇಕಾಯ್ತು. ಈಗ ಒಂದು ಮ್ಯಾಗ್ನೆಟ್ ಫ್ರಿಜ್ ಬಾಗಿಲ ಮೇಲೆ ಹಾಲಿನವನ ಬಿಲ್ ಹಿಡ್ಕೊಂಡಿದೆ. ಕಾಕಾ ಬಂದಾಗೆಲ್ಲ ಅದನ್ನ ತೋರಿಸಿ ಹೇಳೋದು ಒಂದೇ ಮಾತು, "ನಾನು ಆವತ್ತೇ ಫ್ರಿಜ್ಜಿಗೆ ಹಾಕಿ ಅಂದಿದ್ದೆ."