ನಾಮ್ಚೆಯ ಆ ಒಂದು ದಿನಕ್ಕೆ ಕತ್ತರಿ ಹಾಕಬೇಡಿ ಮಾರಾಯ್ರೇ

ಮತ್ತೆ ಅದೇ ಎಕ್ಸೆಲ್ ಶೀಟು! ಆರು ಜನ ಗೆಳೆಯರು, ಎವರೆಸ್ಟ್ ಬೇಸ್ ಕ್ಯಾಂಪ್ ಟ್ರೆಕ್ಕಿನ ಪ್ಲಾನು. ದಾರಿಯ ಊರುಗಳಾದ ನಾಮ್ಚೆ, ಡಿಂಗ್ಬೋಚೆಯಲ್ಲಿ ದೇಹ ಎತ್ತರಕ್ಕೆ ಹೊಂದಿಕೊಳ್ಳಲಿ ಅಂತ ಇಡುವ ಎರಡೂ ರೆಸ್ಟ್ ಡೇಗೆ ಕೆಂಪು ಗೆರೆ. ಪಕ್ಕದಲ್ಲಿ ಷರಾ: "ಸುಮ್ನೆ ಕೂತು ಏನ್ ಮಾಡೋದು? 2 ರಜೆ ಉಳಿಯುತ್ತೆ." ನೋಡಿದ ಕೂಡಲೇ ಬಿಪಿ ಏರಿತು, ಅದಕ್ಕೇ ಈ ಉದ್ದನೆ ಪೋಸ್ಟ್. (ನನ್ನನ್ನು ಬಲ್ಲವರು ಇಲ್ಲಿಂದಲೇ ಸ್ಕ್ರೋಲ್ ಮಾಡಿ, ನಿಮಗಿದು ಬಾಯಿಪಾಠ.)

ರಾತ್ರಿ ಮಲಗುವ ಜಾಗಗಳ ಎತ್ತರ ನೋಡಿ. ಫಾಕ್‌ಡಿಂಗ್ 2,610 ಮೀಟರ್, ನಾಮ್ಚೆ 3,440, ತೆಂಗ್ಬೋಚೆ 3,860, ಡಿಂಗ್ಬೋಚೆ 4,410, ಲೊಬುಚೆ 4,940, ಗೋರಕ್‌ಶೆಪ್ 5,164. ಮೂರು ಸಾವಿರ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಕಡೆ ಎರಡು ರಾತ್ರಿ ಕಳೆಯಬೇಕು. ಇದು ಪರ್ವತ ವೈದ್ಯರ ನಿಯಮ. ಫಾಕ್‌ಡಿಂಗ್‌ನಿಂದ ನಾಮ್ಚೆಗೇ 830 ಮೀಟರ್ ಏರಿಬಿಟ್ಟಿರುತ್ತೀರಿ. ನಾಮ್ಚೆಯ ಎರಡನೇ ರಾತ್ರಿ ಆ ಸಾಲ ತೀರಿಸುವುದಕ್ಕೆ. ಎರಡೂ ದಿನ ಇಟ್ಟುಕೊಂಡರೆ ಫಾಕ್‌ಡಿಂಗ್‌ನಿಂದ ಗೋರಕ್‌ಶೆಪ್‌ವರೆಗೆ ಸರಾಸರಿ ಏರಿಕೆ ದಿನಕ್ಕೆ 365 ಮೀಟರ್. ಕಿತ್ತು ಹಾಕಿದರೆ 511.

ದೇಹ ಏನು ಮಾಡುತ್ತೆ ಅಂದ್ರೆ, ಆಮ್ಲಜನಕ ಕಮ್ಮಿಯಾದಾಗ ಉಸಿರಾಟ ಜೋರು ಮಾಡುತ್ತೆ. ಅದರಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತೆ. ಕ್ಷಾರ ಹೆಚ್ಚಾದಾಗ ಮಿದುಳು ಉಸಿರಾಟಕ್ಕೆ ಬ್ರೇಕ್ ಹಾಕುತ್ತೆ. ಆ ಬ್ರೇಕ್ ಬಿಡಬೇಕಾದರೆ ಕಿಡ್ನಿ ಬೈಕಾರ್ಬನೇಟನ್ನು ಮೂತ್ರದಲ್ಲಿ ಹೊರಹಾಕಬೇಕು, ಅದಕ್ಕೆ ದಿನಗಳೇ ಹಿಡಿಯುತ್ತವೆ. ನಿಮ್ಮ ಕಿಡ್ನಿ ನಿಮ್ಮ ಹೆಚ್‌ಆರ್ ಮಾತು ಕೇಳಲ್ಲ.

ಇನ್ನು "ಸುಮ್ನೆ ಕೂರೋದು" ಅಂದವರು ಯಾರು? ನಾಮ್ಚೆಯಲ್ಲಿ ಆ ದಿನ ಸ್ಯಾಂಗ್‌ಬೋಚೆ ಕಡೆ 3,800ರ ಆಸುಪಾಸು ಹತ್ತಿ, ಒಂದಷ್ಟು ಹೊತ್ತು ಇದ್ದು, ಮಲಗೋಕೆ ಕೆಳಗಿಳೀಬೇಕು. ಡಿಂಗ್ಬೋಚೆಯಲ್ಲಿ ಊರ ಹಿಂದಿರುವ ನಾಂಗ್‌ಕರ್‌ತ್ಸಾಂಗ್ ಗುಡ್ಡದ ಅರ್ಧಕ್ಕೆ ಹೋಗಿ ಬಂದರೂ ಸಾಕು.

"ನಾವು ದಿನಾ ಹತ್ತು ಕಿಲೋಮೀಟರ್ ಓಡ್ತೀವಿ ಸಾರ್" ಅಂತ ಬರ್ತಾರೆ. ಓಡಿ, ಕಾಲಿಗೆ ಒಳ್ಳೇದು. ಆದ್ರೆ ದೇಹ ಹೊಂದಿಕೊಳ್ಳೋ ಮೊದಲೇ ಏರಿದರೆ ಬರೋ ಎತ್ತರದ ಕಾಯಿಲೆಗೂ ಫಿಟ್‌ನೆಸ್ಸಿಗೂ ಸಂಬಂಧವಿಲ್ಲ. ಗಟ್ಟಿಮುಟ್ಟಾದವನು ಬೇಗ ಏರಿ ಬೇಗ ಹಾಸಿಗೆ ಹಿಡಿಯೋದೂ ಉಂಟು. ಊರಲ್ಲಿ ಪರೀಕ್ಷೆ ಮಾಡಿಕೊಳ್ಳೋಣ ಅಂದ್ರೆ ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್, ಟ್ರೆಕ್ ಶುರುವಾಗೋ ಲುಕ್ಲಾದಲ್ಲಿ ವಿಮಾನ ಇಳಿಯೋದೇ ಅದಕ್ಕಿಂತ 900 ಮೀಟರ್ ಮೇಲೆ. ಇನ್ನೊಬ್ಬರು "ನಮ್ಮ ಭಾವ ರೆಸ್ಟ್ ಇಲ್ದೇ ಹೋಗ್ಬಂದ, ಏನೂ ಆಗ್ಲಿಲ್ಲ" ಅಂತಾರೆ. ಭಾವನಿಗೆ ಶುಭವಾಗಲಿ.

"ಡೈಮಾಕ್ಸ್ ಇದೆಯಲ್ಲ?" ಇದೆ, ಎತ್ತರದ ಕಾಯಿಲೆ ತಡೆಯೋ ಮಾತ್ರೆ. ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಬೆರಳು ಜುಮ್ಮೆನ್ನುತ್ತೆ, ರಾತ್ರಿ ಮೂತ್ರಕ್ಕೆ ಏಳಿಸುತ್ತೆ. ಹೊಂದಿಕೊಳ್ಳೋದನ್ನ ಚುರುಕು ಮಾಡುತ್ತೆ ಅಷ್ಟೇ, ರೆಸ್ಟ್ ಡೇ ಮಾತ್ರೆ ಡಬ್ಬದಲ್ಲಿ ಸಿಗಲ್ಲ.

ನನಗೆ ನಿಜವಾಗ್ಲೂ ಹೆದರಿಕೆ ಹುಟ್ಟಿಸೋದು ಗೆಳೆತನ. ಗುಂಪಿಗೆ ತೊಂದರೆ ಆಗಬಾರದು ಅಂತ ತಲೆನೋವನ್ನ ಮುಚ್ಚಿಡ್ತಾರೆ. ಅದಕ್ಕೆ ಹೊರಡೋ ಮೊದಲೇ ಒಪ್ಪಂದ ಆಗಲಿ. ದಿನಾ ಸಂಜೆ ಊಟಕ್ಕೆ ಮುಂಚೆ ಪ್ರತಿಯೊಬ್ಬರೂ ತಲೆನೋವು, ಹೊಟ್ಟೆ ತೊಳೆಸೋದು, ಸುಸ್ತು, ತಲೆಸುತ್ತು ನಾಲ್ಕಕ್ಕೂ 0ಯಿಂದ 3ರವರೆಗೆ ಅಂಕ ಹೇಳಬೇಕು. ತಲೆನೋವು ಇದ್ದು ಒಟ್ಟು 3 ಅಥವಾ ಹೆಚ್ಚು ಬಂದರೆ, ಅವರು ವಾಸಿಯಾಗೋವರೆಗೆ ಮೇಲಕ್ಕೆ ಹೋಗಲ್ಲ, ಜೊತೆಗೆ ಒಬ್ಬರು ಉಳೀತಾರೆ. ಆರು ಜನಕ್ಕೆ ಒಬ್ಬನೇ ಗೈಡ್ ಸಾಲದು ಅನ್ನೋದು ಇದಕ್ಕೇ. ಗುಂಪು ಎರಡಾದರೆ ಕೆಳಗಿಳಿಸೋರು ಯಾರು? ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯೋಕೆ ಹೇಳಿದಾಗ ತೂರಾಡಿದರೆ, ಅಥವಾ ಕೂತಲ್ಲೇ ಏದುಸಿರು ಬಂದರೆ, ಬೆಳಗಾಗಲಿ ಅಂತ ಕಾಯಬಾರದು. ಆಗಲೇ ಇಳಿಸಬೇಕು, ಒಂಟಿಯಾಗಂತೂ ಕಳಿಸಲೇಬಾರದು. ಡಿಂಗ್ಬೋಚೆ ಪಕ್ಕದ ಪೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾ ಕೇಂದ್ರ ಸೀಸನ್ನಿನಲ್ಲಿ ತೆರೆದಿರುತ್ತೆ, ನೆನಪಿಟ್ಟುಕೊಳ್ಳಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ "6,000 ಮೀಟರ್‌ವರೆಗೆ" ಮತ್ತು "ಹೆಲಿಕಾಪ್ಟರ್" ಎರಡೂ ಬರೆದಿದೆಯಾ ನೋಡಿ.

ಇಷ್ಟಾದರೂ ಎರಡು ದಿನ ಉಳಿಸಲೇಬೇಕಾ? ಕಠ್ಮಂಡುವಿನ ಥಮೇಲ್ ಶಾಪಿಂಗಿಗೆ ಇಟ್ಟ ದಿನ ತೆಗೀರಿ. ಲುಕ್ಲಾ ವಿಮಾನ ಮೋಡಕ್ಕೆ ನಿಂತರೆ ಅಂತ ಕೊನೆಗಿಟ್ಟ ಹೆಚ್ಚುವರಿ ದಿನವನ್ನ ಮಾತ್ರ ಮುಟ್ಟಬೇಡಿ. ರಜೆ ಅಷ್ಟಿಲ್ಲ ಅಂದ್ರೆ ತೆಂಗ್ಬೋಚೆಗೇ ನಿಲ್ಲಿಸಿ. ಲುಕ್ಲಾದಿಂದ ಲುಕ್ಲಾಗೆ, ನಾಮ್ಚೆಯ ರೆಸ್ಟ್ ಸೇರಿ, ಆರು ದಿನ. ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ಎವರೆಸ್ಟ್ ತುದಿ, ಅಮಾ ದಬ್ಲಂ ಎರಡೂ ಕಾಣುತ್ತವೆ. ಬೇಸ್ ಕ್ಯಾಂಪಿನಲ್ಲಿ ನಿಂತರೆ ಎವರೆಸ್ಟ್ ತುದಿ ಕಾಣಲ್ಲ, ಗೊತ್ತಿರಲಿ.