‘ಶಿ’ ತಾಲ್ಲೂಕಿಗೆ ರಜೆ

ಪುನರ್ವಸು ಮಳೆ ಹೆಂಚು ಒಡೆಯುವ ಹಾಗೆ ಹೊಡೆಯುತ್ತಿದ್ದಾಗ, ರಾತ್ರಿ ಒಂಬತ್ತರ ಸುದ್ದಿಯ ಅಡಿಪಟ್ಟಿಯಲ್ಲಿ ಅಕ್ಷರಗಳು ಮೆರವಣಿಗೆ ಹೊರಟವು: ‘ಭಾರಿ ಮಳೆ, ನಾಳೆ ಶಾಲೆಗಳಿಗೆ ರಜೆ: ತೀರ್ಥಹಳ್ಳಿ, ಹೊಸನಗರ, ಸಾಗರ, ಶಿ’. ಅಲ್ಲಿಗೆ ನಿಂತಿತು. ನಿರೂಪಕಿಯ ಮುಖ ಚೌಕುಳಿ ಚೌಕುಳಿಯಾಗಿ ಒಡೆದು, ಮೂಗು ಒಂದು ಕಡೆ, ಮೈಕು ಒಂದು ಕಡೆ ಹೋಗಿ, ಕೊನೆಗೆ ಪರದೆ ಪೂರ್ತಿ ನೀಲಿಯಾಯಿತು. ‘ಸಿಗ್ನಲ್ ಇಲ್ಲ’ ಎಂದು ಬಂತು. ಆ ಹೊತ್ತಿನ ಬುಲೆಟಿನ್‌ನಲ್ಲಿ ನಿಸ್ಸಂಶಯವಾಗಿ ನಿಜವಾದ ಸುದ್ದಿ ಅದೊಂದೇ.

ನಮ್ಮ ಜಿಲ್ಲೆಯಲ್ಲಿ ‘ಶಿ’ಯಿಂದ ಶುರುವಾಗುವ ತಾಲ್ಲೂಕು ಎರಡಿವೆ. ಶಿವಮೊಗ್ಗವೋ ಶಿಕಾರಿಪುರವೋ? ಮಕ್ಕಳ ಪ್ರಕಾರ ಎರಡೂ. ಮೇಷ್ಟರುಗಳನ್ನು ಕೇಳಿದರೆ ಅವರ ಪ್ರಕಾರವೂ ಎರಡೂ. ಬೆಳಗ್ಗೆ ಐದಕ್ಕೆದ್ದು ಡಬ್ಬಿಗೆ ಚಿತ್ರಾನ್ನ ಕಲಸಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರಿಗೆ ಮಾತ್ರ ಆ ಅರ್ಧ ಪದ ಗಂಟಲಲ್ಲಿ ಸಿಕ್ಕ ಮುಳ್ಳು. ವಾಟ್ಸ್ಯಾಪ್ ನೋಡಬಹುದಲ್ಲ ಎನ್ನಬೇಡಿ. ಅಲ್ಲಿ ಅಷ್ಟೊತ್ತಿಗಾಗಲೇ ಜಿಲ್ಲಾಧಿಕಾರಿಗಳ ಸಹಿಯಿರುವ ಆದೇಶ ಮೂರು ಬಂದಿರುತ್ತವೆ. ಒಂದು ಹೋದ ವರ್ಷದ್ದು, ಒಂದು ಚಿಕ್ಕಮಗಳೂರಿನದು, ಮೂರನೆಯದರಲ್ಲಿ ದಿನಾಂಕವೊಂದೇ ಬೇರೆ ಅಚ್ಚಿನಲ್ಲಿ ದಪ್ಪಗೆ ಕೂತಿರುತ್ತದೆ, ಹೊಸ ಹೆಂಚು ಹಾಕಿದ ಹಳೇ ಮಾಡಿನ ಹಾಗೆ.

ಸೋಜಿಗವೆಂದರೆ, ‘ಮಲೆನಾಡಿನಲ್ಲಿ ವರುಣಾರ್ಭಟ’ ಎಂಬ ಸುದ್ದಿ ಬೀದರಿನಿಂದ ಚಾಮರಾಜನಗರದ ತನಕ ಎಲ್ಲರಿಗೂ ಸಾಂಗವಾಗಿ ಕಾಣುತ್ತದೆ, ಮಲೆನಾಡಿನವರಿಗೊಂದು ಬಿಟ್ಟು. ಮದುಮಗನನ್ನು ಚಪ್ಪರದ ಹೊರಗೆ ನಿಲ್ಲಿಸಿ ಧಾರೆ ಎರೆದ ಹಾಗೆ.

ಒಂದು ಲೆಕ್ಕದಲ್ಲಿ ಕಾಣದಿರುವುದೇ ವಾಸಿ. ಹವಾಮಾನ ಇಲಾಖೆಯ ಪ್ರಕಾರ ದಿನಕ್ಕೆ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ವರ್ಷಕ್ಕೆ ಸುಮಾರು 7,600 ಮಿಲಿಮೀಟರ್ ಸುರಿಸಿಕೊಳ್ಳುವ ಆಗುಂಬೆಯವರಿಗೆ ಜುಲೈ ತಿಂಗಳಲ್ಲಿ ಭಾರಿ ಮಳೆ ಎಂದರೆ ಮಾಮೂಲಿ ಮಂಗಳವಾರ. ಇನ್ನು ರೆಡ್ ಅಲರ್ಟ್ ಎಂದರೆ ಸಂಬಂಧಪಟ್ಟವರು ಕೂಡಲೇ ಕೆಲಸಕ್ಕಿಳಿಯಬೇಕು ಎಂದರ್ಥ. ಸ್ಟುಡಿಯೋದವರು ಅದನ್ನು ಪ್ರಳಯ ಎಂದು ತರ್ಜುಮೆ ಮಾಡಿಕೊಂಡಿದ್ದಾರೆ. ಎದೆ ನಡುಗಿಸುವ ಸಂಗೀತ, ಕೆಂಪು ಪಟ್ಟಿ, ಯಾವ ವರ್ಷದ್ದೋ ಜೋಗದ ದೃಶ್ಯ. ಅದರ ಮುಂದೆ ಮೊಣಕಾಲುದ್ದ ನೀರಿನಲ್ಲಿ ನಿಂತು ‘ಎಲ್ಲಿ ನೋಡಿದರೂ ನೀರೇ ನೀರು’ ಎಂದು ಏದುಸಿರು ಬಿಡುವ ವರದಿಗಾರ. ಆತ ನಿಂತಿರುವುದು ನಾಟಿಗೆಂದು ನೀರು ಕಟ್ಟಿದ ಗದ್ದೆಯಲ್ಲಿ. ಅಲ್ಲಿ ನೀರು ಇಲ್ಲದಿದ್ದರೆ ಅದು ಸುದ್ದಿ ಮಾರಾಯ್ರೆ!

ಹಾಗಾದರೆ ಮಳೆ ಬಂದ ಕೂಡಲೇ ಟಿವಿ ಯಾಕೆ ಹೋಗುತ್ತದೆ? ಭೂಮಧ್ಯರೇಖೆಯ ನೆತ್ತಿಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಕೂತ ಉಪಗ್ರಹ ಅಷ್ಟು ದೂರ ಬಿಕೋ ಎನ್ನುವ ಬಯಲಲ್ಲಿ ಸಿಗ್ನಲ್ಲನ್ನು ಸುರಕ್ಷಿತವಾಗಿ ಕಳಿಸುತ್ತದೆ. ದಾರಿ ಕೆಡುವುದು ಕೊನೆಯ ನಾಲ್ಕೈದು ಕಿಲೋಮೀಟರಿನಲ್ಲಿ, ನಮ್ಮ ಮೋಡದೊಳಗೆ. ಮಲೆನಾಡಿನ ರಸ್ತೆಗಳ ಕಥೆಯೂ ಇದೇ ತಾನೆ? ಡಿಶ್ ಹಿಡಿಯುವ, ಕು ಬ್ಯಾಂಡ್ ಎಂಬ ಗುಂಪಿನ ರೇಡಿಯೋ ಅಲೆಯ ಉದ್ದ ಬರೀ ಎರಡೂವರೆ ಸೆಂಟಿಮೀಟರ್. ಮಳೆಹನಿಯೋ ಎರಡರಿಂದ ಐದು ಮಿಲಿಮೀಟರ್ ದಪ್ಪ. ಇಷ್ಟು ಸಣ್ಣ ಅಲೆಗೆ ಅಷ್ಟು ದಪ್ಪ ಹನಿ ಅಡ್ಡ ಬಂದರೆ ಅರ್ಧ ಹೀರಿ ಹೋಗುತ್ತದೆ, ಅರ್ಧ ದಿಕ್ಕಾಪಾಲಾಗಿ ಚೆದರುತ್ತದೆ. ಹಿಂದಿನ ಕಾಲದ ಆಂಟೆನಾ ಟಿವಿಯಾಗಿದ್ದರೆ ಅಕ್ಕಿ ಚೆಲ್ಲಿದ ಹಾಗೆ ಚುಕ್ಕಿ ಬಂದು, ಅದರ ಹಿಂದೆ ವಾರ್ತೆ ಓದುವವರ ಕೊರಳ ದನಿಯಾದರೂ ಕೇಳುತ್ತಿತ್ತು. ಡಿಜಿಟಲ್ ಹಾಗಲ್ಲ, ಇದ್ದರೆ ಹೂವಿನಂತೆ ಇರುತ್ತದೆ, ಒಂದು ಮಿತಿಯಿಂದ ಕೆಳಗಿಳಿದರೆ ಬಂಡೆಯಿಂದ ಉರುಳಿದ ಹಾಗೆ ಪೂರ್ತಿ ಇಲ್ಲ.

ವಾಸ್ತು ಪಂಡಿತರಿಗೆ ಬೇರೆ ಕಾರಣ ಹೊಳೆಯಬಹುದು. ಉಪಗ್ರಹಗಳು ನಮ್ಮ ಪಾಲಿಗೆ ಆಗ್ನೇಯ ದಿಕ್ಕಿನಲ್ಲಿ, ಅರ್ಧಕ್ಕಿಂತ ಮೇಲಿನ ಆಕಾಶದಲ್ಲಿವೆ. ಹಾಗಾಗಿ ಮಲೆನಾಡಿನ ಅಷ್ಟೂ ಡಿಶ್‌ಗಳು ಪಡುವಣದ ಮಳೆಗೆ ಬೆನ್ನು ಹಾಕಿ ಅಗ್ನಿಮೂಲೆಗೆ ಮುಖ ಮಾಡಿ ಕೂತಿವೆ. ಅಗ್ನಿಯ ಜಾಗಕ್ಕೆ ವರುಣ ನುಗ್ಗಿದರೆ ಇನ್ನೇನಾದೀತು?

ಇಂಥ ಹೊತ್ತಿನಲ್ಲಿ ರಿಮೋಟಿನ ಮೆನು ಒತ್ತಿ ಸಿಗ್ನಲ್ ಪುಟ ತೆಗೆದರೆ ಎರಡು ಪಟ್ಟಿ ಕಾಣುತ್ತವೆ. ಒಂದು ಸ್ಟ್ರೆಂತ್, ಇನ್ನೊಂದು ಕ್ವಾಲಿಟಿ. ಧಾರಾಕಾರ ಮಳೆಯಲ್ಲೂ ಸ್ಟ್ರೆಂತ್ ಎಂಬತ್ತರ ಆಸುಪಾಸಿನಲ್ಲಿ ಗಟ್ಟಿಮುಟ್ಟಾಗಿರುತ್ತದೆ, ಕ್ವಾಲಿಟಿ ಸೊನ್ನೆ. ಇದೆಂಥ ವಿಚಿತ್ರ ಎಂದು ಜನ ತಲೆ ಕೆರೆದುಕೊಳ್ಳುತ್ತಾರೆ. ವಿಷಯ ಇಷ್ಟೇ: ಸ್ಟ್ರೆಂತ್ ಎಂಬುದು ಗದ್ದಲವನ್ನೂ ಸೇರಿಸಿ ಅಳೆಯುತ್ತದೆ, ಕ್ವಾಲಿಟಿ ಅದರಲ್ಲಿ ಅರ್ಥವಾಗುವ ಭಾಗವೆಷ್ಟು ಎಂದು ಹೇಳುತ್ತದೆ. ‘ಮುಖ್ಯಮಂತ್ರಿ ಬದಲಾಗುತ್ತಾರಾ’ ಎಂದು ತಿಂಗಳುಗಟ್ಟಲೆ ಎಂಟು ಕಿಟಕಿಗಳಿಂದ ಎಂಟು ಜನ ಒಟ್ಟಿಗೆ ಕೂಗುವ ಚರ್ಚೆಗಳಿಗೂ ಈ ಎರಡು ಪಟ್ಟಿಯನ್ನು ಪಕ್ಕದಲ್ಲಿ ಹಾಕಬೇಕೆಂದು ಕಾನೂನೊಂದು ಬಂದರೆ ಪಕ್ಷಭೇದ ಮರೆತು ಸ್ವಾಗತಿಸಬಹುದು.

ಆದರೆ ಮಲೆನಾಡಿನ ಮನೆಗಳಲ್ಲಿ ಮೆನು ಒತ್ತುವ ಪದ್ಧತಿಯೇ ಇಲ್ಲ. ಪ್ರತಿ ಮನೆಯಲ್ಲೂ ಮಾಡು ಹತ್ತುವ ಒಬ್ಬ ಗಂಡಸು ಇರುತ್ತಾನೆ. ವರ್ಷವಿಡೀ ಬಲ್ಬು ಬದಲಿಸಲೂ ಏಣಿ ಮುಟ್ಟದವ, ಚರ್ಚೆ ನಿಂತ ಕೂಡಲೇ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಏರಿಸಿ, ಬಾಯಲ್ಲಿ ಬ್ಯಾಟರಿ ಕಚ್ಚಿಕೊಂಡು, ಪಾಚಿಗಟ್ಟಿದ ಮಂಗಳೂರು ಹೆಂಚಿನ ಮೇಲೆ ನಾಲ್ಕು ಕಾಲಲ್ಲಿ ಹೊರಡುತ್ತಾನೆ. ಕೆಳಗೆ ಟಿವಿ ಮುಂದೆ ಅಜ್ಜಿ. ನಡುವೆ ಜಗಲಿಯಲ್ಲಿ ಮಾತು ದಾಟಿಸಲು ಒಬ್ಬ ಹುಡುಗ. ಮೇಲಿನವ ಡಿಶ್ಶನ್ನು ಒಂದಿಷ್ಟು ದೂಡಿ ‘ಬಂತಾ?’ ಎನ್ನುತ್ತಾನೆ. ಹುಡುಗ ‘ಬಂತಾ?’ ಎನ್ನುತ್ತಾನೆ. ಅಜ್ಜಿ ‘ಇಲ್ಲೆ’ ಎನ್ನುತ್ತಾಳೆ. ಮೇಲಿನವ ಮತ್ತೆ ದೂಡುತ್ತಾನೆ. ಬಾಕ್ಸಿಗೆ ಸಿಗ್ನಲ್ ಹಿಡಿದು ಚಿತ್ರ ಬಿಡಿಸಲು ಐದಾರು ಸೆಕೆಂಡು ಬೇಕೆಂದು ಆತನಿಗೆ ಯಾರೂ ಹೇಳಿಲ್ಲ. ಅಜ್ಜಿ ನೋಡಿ ಹೇಳಲು ಮೂರು ಸೆಕೆಂಡು, ಹುಡುಗ ಕೂಗಲು ಎರಡು. ಹೀಗಾಗಿ ‘ಬಂತೂ!’ ಎಂಬ ಮಂಗಳವಾರ್ತೆ ಮಾಡು ತಲುಪುವ ಹೊತ್ತಿಗೆ ಆತ ಮೂರು ದೂಡುವಿಕೆ ಮುಂದೆ ಹೋಗಿರುತ್ತಾನೆ. ‘ಬಂತು’ ಕೇಳಿದ ಜಾಗದಲ್ಲೇ ಬೋಲ್ಟ್ ಬಿಗಿಯುತ್ತಾನೆ. ‘ಹೋಯ್ತು!’ ಬಿಚ್ಚುತ್ತಾನೆ. ‘ಈಗ?’ ಅಜ್ಜಿಗೆ ಬೇಸರವಾಗಿ ‘ಬಂತು ಅನ್ನು, ಇಳೀಲಿ ಅತ್ಲಾಗೆ’ ಎಂದುಬಿಡುತ್ತಾಳೆ. ಅಷ್ಟರಲ್ಲಿ ಪಕ್ಕದ ಮನೆಯವರು ತೋಟದಾಚೆಯಿಂದ ‘ಕರೆಂಟು ಹೋಯ್ತಾ?’ ಎಂದು ಕೇಳಿ, ಹುಡುಗ ಅದಕ್ಕೆ ‘ಇಲ್ಲ’ ಎಂದು ಕೂಗಿ, ಮೇಲಿನವ ಅದನ್ನು ತನಗೆಂದುಕೊಂಡು ಮತ್ತೆ ಸ್ಪ್ಯಾನರ್ ಹಿಡಿಯುತ್ತಾನೆ.

ಅರವತ್ತು ಸೆಂಟಿಮೀಟರಿನ ಡಿಶ್ಶಿನ ಅಂಚು ಐದು ಮಿಲಿಮೀಟರ್ ಸರಿದರೆ ಒಂದು ಡಿಗ್ರಿ. ಇಲ್ಲಿನ ಒಂದು ಡಿಗ್ರಿ ಅಲ್ಲಿ ಮೇಲೆ 600 ಕಿಲೋಮೀಟರಿಗೂ ಹೆಚ್ಚು. ನಮ್ಮವನ ಒಂದು ಸಾಧಾರಣ ದೂಡುವಿಕೆ ಅರ್ಧ ಇಂಚು, ಅಂದರೆ ಎರಡೂವರೆ ಡಿಗ್ರಿ. ಡಿಶ್ಶು ಪಕ್ಕದ ಉಪಗ್ರಹದ ಹಿತ್ತಲಿಗೆ ಹೋಗಿ ನಿಂತಿರುತ್ತದೆ. ಸುಮ್ಮನೆ ಕಾಲು ಗಂಟೆ ಹಲಸಿನ ಹಪ್ಪಳ ತಿನ್ನುತ್ತಾ ಕೂತಿದ್ದರೆ ಆ ದಪ್ಪ ಮಳೆ ಕಳೆದು ಟಿವಿ ತಾನಾಗಿ ಬರುತ್ತಿತ್ತು. ಈಗ ಆಕಾಶ ತೊಳೆದ ಹಾಗೆ ಹೊಳವಾದರೂ ಬರುವುದಿಲ್ಲ. ನಾಲ್ಕು ದಿನ ಬಿಟ್ಟು ಬರುವ ಕಂಪನಿ ಹುಡುಗ ‘ಯಾರು ಇದನ್ನ ತಿರುಗಿಸಿದ್ದು?’ ಎಂದರೆ ಇಡೀ ಮನೆ ಒಕ್ಕೊರಲಿನಲ್ಲಿ ‘ಮಂಗ’ ಎನ್ನುತ್ತದೆ. ಪೂರ್ತಿ ಸುಳ್ಳೇನಲ್ಲ.

ಅದಕ್ಕೇ, ಮಳೆ ಬರುವಾಗ ಡಿಶ್ ಮುಟ್ಟಬೇಡಿ. ಬಿಸಿಲಿರುವಾಗ ಕ್ವಾಲಿಟಿ ಪಟ್ಟಿ ನೋಡಿಕೊಂಡು, ಹತ್ತನೇ ನಂಬರ್ ಸ್ಪ್ಯಾನರಿನಲ್ಲಿ ಕೂದಲೆಳೆಯಷ್ಟೇ ಸರಿಸುತ್ತಾ, ಪ್ರತಿ ಸಲ ಹತ್ತು ಎಣಿಸಿ, ಅದು ಅತಿ ಹೆಚ್ಚು ಏರುವ ಜಾಗದಲ್ಲಿ ಬಿಗಿದು, ಕಂಬದ ಮೇಲೆ ಪೇಂಟಿನಲ್ಲಿ ಗುರುತು ಹಾಕಿ. ಎತ್ತರದಲ್ಲಿಟ್ಟರೆ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಬಿಡಿ. ಮೂವತ್ತೈದು ಸಾವಿರ ಕಿಲೋಮೀಟರ್ ಪ್ರಯಾಣದಲ್ಲಿ ನಿಮ್ಮ ಮಾಡಿನ ಇಪ್ಪತ್ತು ಅಡಿಯಿಂದ ಏನೂ ಉಳಿತಾಯವಿಲ್ಲ. ಆಗ್ನೇಯಕ್ಕೆ ಅಡಿಕೆ ಮರ, ತೆಂಗು ಅಡ್ಡವಿಲ್ಲದಿದ್ದರೆ ಅಂಗಳದ ಮೂಲೆಯೇ ಸಾಕು; ಅಲ್ಲಿಂದ ಬಿದ್ದರೆ ಸೊಂಟವೂ ಉಳಿಯುತ್ತದೆ. ಅರವತ್ತರ ಬದಲು ತೊಂಬತ್ತು ಸೆಂಟಿಮೀಟರಿನ ಡಿಶ್ ಹಾಕಿದರೆ ಹಿಡಿಯುವ ಜಾಗ ಎರಡೂಕಾಲು ಪಟ್ಟಾಗುತ್ತದೆ, ಸಣ್ಣಪುಟ್ಟ ಮಳೆಗೆ ಜಗ್ಗುವುದಿಲ್ಲ. ಕೇಬಲ್ಲು ಕನೆಕ್ಟರಿಗೆ ಸೇರುವ ಮುಂಚೆ ಒಂದು ಸುತ್ತು ಕೆಳಗೆ ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ. ಇಲ್ಲವಾದರೆ ಒಳಗಿಳಿದು ತಾಮ್ರದ ತಂತಿಗೆ ಹಸಿರು ಕಿಲುಬು ಹಿಡಿಸುತ್ತದೆ. ಡಿಶ್ಶಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯ ಬಾಯಿಗೆ ಕಣಜ ಮಣ್ಣಿನ ಮನೆ ಕಟ್ಟಿದೆಯೇ ನೋಡಿ. ಮತ್ತೆ, ದಯವಿಟ್ಟು, ಅದಕ್ಕೆ ಅಡಿಕೆ ಹಾಳೆಯ ಟೊಪ್ಪಿ ಹಾಕಬೇಡಿ. ನೋಡಲು ಮುದ್ದಾಗಿರುತ್ತದೆ ನಿಜ, ನೆನೆದ ಹಾಳೆಯೂ ಸಿಗ್ನಲ್ ಕುಡಿಯುತ್ತದೆ.

ಈ ನಡುವೆ 2025ರಲ್ಲಿ ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕಿಗೆ ಪರವಾನಗಿ ಸಿಕ್ಕಿದಾಗ ‘ಇನ್ನು ಕಾಡಿನ ಮೂಲೆಗೂ ಇಂಟರ್ನೆಟ್’ ಎಂದು ಅದೇ ಸ್ಟುಡಿಯೋಗಳು ಕುಣಿದವು. ಅದರ ತಟ್ಟೆಯೂ ಹಿಡಿಯುವುದು ಕು ಬ್ಯಾಂಡಿನ ಅಲೆಯನ್ನೇ. ಜತೆಗೆ ಓಡಾಡುವ ಉಪಗ್ರಹಗಳನ್ನು ನೋಡಲು ಅದಕ್ಕೆ ಅಗಲವಾದ ಬರಿದಾದ ಆಕಾಶ ಬೇಕು. ಅಡಿಕೆ ತೋಟದ ನಡುವಿನ ಮನೆಯಲ್ಲಿ ಆಕಾಶ ಎಂದರೆ ಅಂಗಳದ ಮೇಲಿನ ಒಂದು ಕಿಟಕಿ. ಅದನ್ನು ಅಗಲ ಮಾಡಲು ಮರ ಕಡಿದರೆ ಅರಣ್ಯ ಇಲಾಖೆಯವರು ಬರುತ್ತಾರೆ. ಅವರಿಗೆ ಯಾವ ಸಿಗ್ನಲ್ಲೂ ಬೇಡ.

ಉಪಗ್ರಹದ ಮೇಲೆ ನಮ್ಮವರಿಗೆ ಹಳೆಯ ಸಿಟ್ಟೊಂದಿದೆ. 1994ರಿಂದ 2003ರವರೆಗೆ ಇಸ್ರೋ ಮುನ್ನಡೆಸಿ ಅಷ್ಟು ಉಪಗ್ರಹಗಳನ್ನು ಮೇಲೇರಿಸಿದ ಕಸ್ತೂರಿರಂಗನ್ ಅವರ ಹೆಸರು ಮಲೆನಾಡಿನ ಅಡಿಕೆ ಚಪ್ಪರಗಳಲ್ಲಿ ರಾಕೆಟ್ಟಿಗಾಗಿ ಯಾರ ಬಾಯಲ್ಲೂ ಬರುವುದಿಲ್ಲ, 2013ರ ವರದಿಗಾಗಿ ಬರುತ್ತದೆ. ಪಶ್ಚಿಮ ಘಟ್ಟವನ್ನು ಉಪಗ್ರಹದ ಕಣ್ಣಲ್ಲಿ ಮೇಲಿನಿಂದ ನೋಡಿ, ಯಾವುದು ಪರಿಸರ ಸೂಕ್ಷ್ಮ ಪ್ರದೇಶ ಎಂದು 24 ಮೀಟರಿನ ಚುಕ್ಕಿಗಳಲ್ಲಿ ಗುರುತು ಮಾಡಿದ ವರದಿ ಅದು. ಒಂಬತ್ತು ಅಡಿಗೊಂದರಂತೆ ನೆಟ್ಟ ತೋಟವಾದರೆ ಆ ಒಂದು ಚುಕ್ಕಿಯೊಳಗೆ ಎಪ್ಪತ್ತಾರು ಅಡಿಕೆ ಮರ ಹಿಡಿಯುತ್ತವೆ. ನಮ್ಮ ತೋಟವನ್ನೇ ಕಾಡು ಅಂತ ಓದಿಬಿಟ್ಟಿದೆ ಎಂಬುದು ಇಲ್ಲಿನ ತಕರಾರು. 2024ರ ಜುಲೈ 31ಕ್ಕೆ ಆ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಆರನೇ ಸಲ ಬಂತು, ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಒಲ್ಲೆ ಎಂದಿತು. ಆ ಕರಡಿನ ಚರ್ಚೆಯನ್ನು ಇಲ್ಲಿ ಎಷ್ಟು ಮನೆ ನೋಡಿರಬಹುದು? ಆಗಲೂ ಮಳೆಯೇ. ಬೇಸಿಗೆಯಲ್ಲಿ ಉಪಗ್ರಹಕ್ಕೆ ನಾವು ಕಾಣುತ್ತೇವೆ, ಮಳೆಗಾಲದಲ್ಲಿ ಅದಕ್ಕೆ ನಾವಿಲ್ಲ, ನಮಗೆ ಅದಿಲ್ಲ.

ಭದ್ರಾವತಿ ಆಕಾಶವಾಣಿ ನೆನಪಾಗುವುದು ಇಂಥ ರಾತ್ರಿಗಳಲ್ಲೇ. 1965ರಲ್ಲಿ ಶುರುವಾದದ್ದು, 675 ಕಿಲೋಹರ್ಟ್ಸ್. ಅಲೆಯ ಉದ್ದ 444 ಮೀಟರ್. ಅಂಥ ಅಲೆಗೆ ಮಳೆಹನಿ ಯಾವ ಲೆಕ್ಕ? ಆನೆ ನಡೆದ ದಾರಿಯಲ್ಲಿ ಇರುವೆ. ಮಿಂಚು ಹೊಡೆದಾಗೊಮ್ಮೆ ಕರ್ರ್ ಎಂದು ಮುಖ ಸಿಂಡರಿಸಿ ಮತ್ತೆ ಮಾತು ಮುಂದುವರಿಸುತ್ತಿತ್ತು. ಹೊಡಸಲ ಬೆಂಕಿಯ ಮುಂದೆ ಕಂಬಳಿ ಹೊದ್ದು ಕೂತವರಿಗೆ ಲಿಂಗನಮಕ್ಕಿಯ ನೀರು 1,819 ಅಡಿಗೆ ಇನ್ನೆಷ್ಟು ಬಾಕಿ, ನಾಳೆ ಮಳೆ ಹೊಳವು ಕೊಡುತ್ತದೋ ಇಲ್ಲವೋ ಎಂದು ಗೊತ್ತಾದರೆ ಸಾಕಿತ್ತು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸಲೆಂದು ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಕಲಸಿಟ್ಟು ಮುಗಿಲು ನೋಡುತ್ತಾ ಕೂತವನಿಗೆ ಆ ಹೊಳವಿನ ಒಂದು ವಾಕ್ಯ ಸಾಕು. ಹಿನ್ನೆಲೆ ಸಂಗೀತ ಬೇಡ.

ಅಷ್ಟರಲ್ಲಿ ಬೆಂಗಳೂರಿನ ನೆಂಟರ ಫೋನು ಬರಲೇಬೇಕು. ‘ನಿಮ್ಮೂರಲ್ಲಿ ಭಯಂಕರ ಮಳೆಯಂತೆ? ಟಿವಿಲಿ ನಿಮ್ಮದೇ ಸುದ್ದಿ, ನೋಡ್ತಿದೀರಾ?’

‘ಅದಿರ್ಲಿ. ಕೆಳಗೆ ಶಾಲೆ ರಜೆ ಅಂತ ಹೋಗ್ತಾ ಇರತ್ತೆ ನೋಡು. ಸಾಗರ ಆದ್ಮೇಲೆ ‘ಶಿ’ ಅಂತ ಇದೆಯಲ್ಲ, ಮುಂದೆ ಎಂತ ಇದೆ ಓದು.’

‘ಅಯ್ಯೋ, ಈಗಷ್ಟೇ ಹೋಯ್ತಲ್ಲ. ಈಗ ಯಾವುದೋ ಏಲಕ್ಕಿ ಜಾಹೀರಾತು ಬರ್ತಿದೆ.’